ಇಂದ್ರಮ್ಮನ ವಿಯೆನ್ನಾ ಬೆಂಚು

ವಿಯೆನ್ನಾಕ್ಕೆ ಹೋಗುವವರು ಶನಿವಾರ ಮಧ್ಯಾಹ್ನದೊಳಗೆ ಸಾಮಾನು ತಂದಿಟ್ಟುಕೊಂಡುಬಿಡಬೇಕು. ಆಮೇಲೆ ಸೋಮವಾರ ಬೆಳಗಿನವರೆಗೆ ಒಂದು ಅಂಗಡಿಯೂ ತೆರೆಯುವುದಿಲ್ಲ, ತಲೆ ಚಚ್ಚಿಕೊಂಡರೂ ಒಂದು ಈರುಳ್ಳಿ ಸಿಗುವುದಿಲ್ಲ. ಅಂಗಡಿಯೊಳಗೆ ಕಾಲಿಡುವಾಗ ದೇವರ ಹೆಸರು ತೆಗೆದುಕೊಂಡು ನಮಸ್ಕಾರ ಹೇಳಬೇಕು. ಹೇಳದೆ ಸೀದಾ ‘ಹಾಲು ಕೊಡಿ’ ಎಂದರೆ ಅಂಗಡಿಯವಳ ಮುಖ ಗಂಟಿಕ್ಕುತ್ತದೆ. ನಲ್ಲಿಯ ನೀರನ್ನು ಧೈರ್ಯವಾಗಿ ಕುಡಿಯಬಹುದು, ಅದು ಬೆಟ್ಟದ ಊಟೆಯಿಂದ ಬರುವ ನೀರು. ಆದರೆ ಮಾಂಸ ತಿನ್ನದವರು ಮಾತ್ರ ಹುಷಾರಾಗಿರಬೇಕು. ‘ಮಾಂಸ ಬೇಡಪ್ಪಾ’ ಎಂದರೆ ಆಗಲಿ ಎಂದು ತಲೆಯಾಡಿಸಿ, ಹಂದಿಮಾಂಸದ ಚೂರು ಹಾಕಿದ ಸಾರನ್ನೇ ತಂದಿಡುತ್ತಾರೆ. ಅವರ ಲೆಕ್ಕದಲ್ಲಿ ಅಷ್ಟು ಸಣ್ಣ ಚೂರು ಮಾಂಸವೇ ಅಲ್ಲ.

ಇಷ್ಟೆಲ್ಲ ಬುದ್ಧಿವಾದವನ್ನು ಇಂದ್ರಮ್ಮ ಹೇಳುತ್ತಿದ್ದದ್ದು ಕಬಿನಿಯಾಚೆ ಮಲಯಾಳ ಸೀಮೆಯ ಪುಲ್ಪಳ್ಳಿಯಲ್ಲಿ, ಬಸ್ಸು ನಿಲ್ಲುವ ಕಡೆ ಇದ್ದ ತನ್ನ ಕಾಪಿ ಅಂಗಡಿಯಲ್ಲಿ ನಿಂತು. ಕೇಳುತ್ತಿದ್ದವರು ಯಾರು ಅಂತೀರಿ? ಮೆಣಸು ಕೊಯ್ಯುವವರು, ಎಮ್ಮೆ ಮಾರುವವರು, ಕಬಿನಿ ದಾಟಿ ಬೈರಕುಪ್ಪೆಗೆ ಹೋಗಿಬಂದರೇ ಮೂರು ದಿನ ಅದರ ಸುದ್ದಿ ಹೇಳುವವರು. ಅವರಲ್ಲಿ ಒಬ್ಬನಾದರೂ ವಿಯೆನ್ನಾಕ್ಕೆ ಹೋಗುವ ಸಂಭವ ಇರಲಿಲ್ಲ. ಆದರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಟ್ರಾಮು ತಪ್ಪಿದರೆ ಏನು ಮಾಡಬೇಕು ಎಂದು ಕೇಳಿದರೆ ಸಾಕು, ಮೂಲೆಯಲ್ಲಿ ತೂಕಡಿಸುವ ಮುದುಕ ಕೂಡ ನಿದ್ದೆಯಲ್ಲೇ ಉತ್ತರ ಹೇಳಿಬಿಡುತ್ತಿದ್ದ.

ಅವಳಿಗಾದರೂ ಅಲ್ಲಿಗೆ ಹೋಗುವ ಯೋಗ ಬಂದದ್ದು ಅಡಿಗೆಯಿಂದ. ಹೆಗ್ಗಡದೇವನಕೋಟೆ ಕಡೆಯಿಂದ ಗಂಡನ ಜೊತೆ ಕಬಿನಿ ದಾಟಿ ಬಂದವಳು, ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡಳು. ಮೈಸೂರಿನ ಒಬ್ಬ ದೊಡ್ಡ ಅಧಿಕಾರಿಗೆ ವಿಯೆನ್ನಾದ ರಾಯಭಾರ ಕಚೇರಿಗೆ ವರ್ಗವಾಯಿತು. ಅವರ ಮನೆಯವರಿಗೆ ಸಾರಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಇಂದ್ರಮ್ಮನ ಅಣ್ಣ ಮೈಸೂರಿನಲ್ಲಿ ಆ ಅಧಿಕಾರಿಯ ಕೈಕೆಳಗೆ ಗುಮಾಸ್ತ. ತಂಗಿಯ ಹೆಸರು ಹೇಳಿದ. ಬೊಂಬಾಯಿಯಲ್ಲಿ ಹಡಗು ಹತ್ತಿ, ಆಮೇಲೆ ರೈಲು ಹತ್ತಿ, ಒಂದು ಮಣ ಸಾರಿನ ಪುಡಿಯ ಜೊತೆ ಇಂದ್ರಮ್ಮ ಆ ಊರಿಗೆ ಇಳಿದಳು. ಮೂರು ವರ್ಷ ಇದ್ದಳು.

ಮೊದಲ ಚಳಿಗಾಲದಲ್ಲೇ ಒಂದು ದಿನ ದಾರಿ ತಪ್ಪಿದಳು. ಔಷಧಿ ತರಲು ಹೋದವಳು ಬೇರೆ ಟ್ರಾಮು ಹತ್ತಿ ಎಲ್ಲೋ ಇಳಿದಳು. ಹಿಮ ಬೀಳುತ್ತಿತ್ತು. ಸೀರೆಯ ಮೇಲೆ ಸಾಹೇಬರ ಮನೆಯ ಅಮ್ಮಾವರ ಹಳೇ ಕೋಟು, ಕಾಲು ಮರಗಟ್ಟಿತ್ತು. ಎದುರಿಗೆ ಕಂಡ ಕಾಪಿ ಹೋಟೆಲಿಗೆ ನುಗ್ಗಿ ಒಂದು ಕಾಪಿ ಎಂದು ಬೆರಳು ತೋರಿಸಿದಳು. ಕರಿ ಕೋಟಿನ ಮನುಷ್ಯ ಪುಟ್ಟ ತಟ್ಟೆಯಲ್ಲಿ ಕಾಪಿ ತಂದ. ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಚಮಚ. ಕಾಪಿ ಮುಗಿಯಿತು. ಈಗ ಏಳು ಅಂತಾನೆ, ಇನ್ನೇನು ಏಳು ಅಂತಾನೆ ಎಂದು ಅವಳು ಮುದುರಿಕೊಂಡು ಕೂತಳು. ಅವನು ಬಂದ. ಹಳೇ ನೀರು ತೆಗೆದು ಹೊಸ ನೀರು ಇಟ್ಟು ಹೋದ. ಮತ್ತೆ ಬಂದ, ಮತ್ತೆ ನೀರು. ಸುತ್ತಲೂ ನೋಡಿದರೆ ಎಲ್ಲರೂ ಹಾಗೆಯೇ ಕೂತಿದ್ದಾರೆ. ಒಬ್ಬ ಪತ್ರಿಕೆ ಓದುತ್ತಾನೆ, ಒಬ್ಬ ಚದುರಂಗ ಆಡುತ್ತಾನೆ, ಒಬ್ಬ ಸುಮ್ಮನೆ ಗೋಡೆ ನೋಡುತ್ತಾನೆ. ಒಂದು ಕಾಪಿ ಕೊಂಡವನು ಆ ಕುರ್ಚಿಗೆ ಅಂದಿನ ಒಡೆಯ. ಸಂಜೆ ಸಾಹೇಬರು ಹುಡುಕಿಕೊಂಡು ಬರುವವರೆಗೂ ಅವಳನ್ನು ಯಾರೂ ಏಳಿಸಲಿಲ್ಲ.

ಊರಿಗೆ ಮರಳಿ ಅಂಗಡಿ ಇಟ್ಟಾಗ ಅದನ್ನೇ ಅವಳು ಕಾನೂನು ಮಾಡಿದಳು. ಒಂದು ಕಾಪಿ ತಗೊಂಡವರು ಎಷ್ಟು ಹೊತ್ತಾದರೂ ಕೂರಬಹುದು. ಪತ್ರಿಕೆಯನ್ನು ಅಲ್ಲಿಯವರ ಹಾಗೆಯೇ ಸೀಳಿದ ಬಿದಿರಿಗೆ ಸಿಕ್ಕಿಸಿ ತೂಗುಹಾಕಿದಳು. ಲೋಟದ ಮೇಲೆ ಚಮಚ ಇಟ್ಟಳು. ಅದು ಯಾತಕ್ಕೆ ಎಂದು ಯಾರಿಗೂ ತಿಳಿಯದೆ ಜನ ಅದರಲ್ಲಿ ಬೆನ್ನು ಕೆರೆದುಕೊಂಡರು. ಅದೆಲ್ಲ ಹೋಗಲಿ. ಜನ ಹುಬ್ಬೇರಿಸಿದ್ದು ಬೇರೆಯದಕ್ಕೆ. ಉಳಿದ ಹೋಟೆಲುಗಳಲ್ಲಿ ಕಾಡಿನ ಬುಡಕಟ್ಟಿನ ನಾಯ್ಕರು, ಪಣಿಯರು ಹೊರಗೆ ಅಂಗಳದಲ್ಲಿ ನಿಂತು ಕುಡಿಯಬೇಕಿತ್ತು. ಇಲ್ಲಿ ಅವರೂ ಬೆಂಚಿನ ಮೇಲೆ ಕೂರುತ್ತಿದ್ದರು.

“ಚೇಚಿ, ಇದು ವಿಯೆನ್ನಾ ಅಲ್ಲ, ಪುಲ್ಪಳ್ಳಿ,” ಎಂದು ಕರುಣಾಕರನ್ ಮುತಲಾಳಿ ಹಲವು ಸಲ ಹೇಳಿದ್ದರು. ಅಲ್ಲಿಯವರ ಬಾಯಲ್ಲಿ ಚೇಚಿ ಎಂದರೆ ಅಕ್ಕ, ಮುತಲಾಳಿ ಎಂದರೆ ಧಣಿ. ಇವರು ಮೆಣಸಿನ ವ್ಯಾಪಾರದ ಕುಳ. ಅಂಗಡಿಯ ಕಟ್ಟಡವೂ ಅವರದೇ. “ಹೌದಾ ಮುತಲಾಳಿ? ನಂಗೆ ಗೊತ್ತೇ ಇರ್ನಿಲ್ಲ,” ಎಂದು ಇಂದ್ರಮ್ಮ ಅವರ ಕಾಪಿಗೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹೀಗಿರುವಾಗ ಕಾಲ ಕೆಟ್ಟಿತು. ಪುಲ್ಪಳ್ಳಿಯ ಪೊಲೀಸ್ ಕ್ಯಾಂಪಿನ ಮೇಲೆ ದಾಳಿ ನಡೆದು ವರ್ಷ ಕಳೆದಿತ್ತು. ಕಾಡಿನಲ್ಲಿ ನಕ್ಸಲರು, ರಸ್ತೆಯಲ್ಲಿ ಜೀಪುಗಳು, ನಡುವೆ ಸಿಕ್ಕಿಹಾಕಿಕೊಂಡ ಜನ. ಪೊಲೀಸರು ಯಾರನ್ನು ಯಾವಾಗ ಎತ್ತಿಕೊಂಡು ಹೋಗುತ್ತಾರೋ ತಿಳಿಯದು. ಹೋದವನು ಬಂದರೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅದರಲ್ಲೂ ಕಾಡಿನವರ ಪಾಡು ದೇವರಿಗೇ ಪ್ರೀತಿ.

ಪುಷ್ಯದ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಜೀಪು ನಿಂತಿತು. ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರ್ ಇಳಿದರು; ಹಿಂದೆ ಹೆಡ್ ಕಾನ್ಸ್‌ಟೇಬಲ್ ಪದ್ಮನಾಭನ್. ನಸುಕಿನಲ್ಲಿ ಯಾರೋ ಒಂದು ಗುಂಪು ಜಮೀನ್ದಾರರೊಬ್ಬರ ಗದ್ದೆಗೆ ನುಗ್ಗಿ, ಕೆಂಪು ಬಾವುಟ ನೆಟ್ಟು, ಪೈರು ಕೊಯ್ದುಕೊಂಡು ಕಾಡು ಸೇರಿತ್ತು. ಇನ್ಸ್‌ಪೆಕ್ಟರರ ಕಣ್ಣು ನೇರವಾಗಿ ಗೋಡೆ ಬದಿಯ ಬೆಂಚಿಗೆ ಹೋಯಿತು. ಅಲ್ಲಿ ಮಾರನ್ ಕೂತಿದ್ದ. ನಾಯ್ಕರ ಹಾಡಿಯವನು, ಕೂಲಿ ಇಲ್ಲದ ದಿನ ಅವನ ಜಾಗ ಅದೇ.

“ಏಳೋ. ಜೀಪು ಹತ್ತು.”

“ಸಾರೇ, ಅವ್ನು ಹೊತ್ತು ಮೂಡೋಕೆ ಮೊದ್ಲಿಂದ ಇಲ್ಲೇ ಅವ್ನೆ,” ಎಂದಳು ಇಂದ್ರಮ್ಮ. ಮಲಯಾಳ, ಕನ್ನಡ ಎರಡೂ ಕಲಸಿಹೋಗಿದ್ದವು. ಗಾಬರಿಯಲ್ಲಿ ಅವಳಿಗೆ ಹಾಗಾಗುತ್ತಿತ್ತು. ಇನ್ಸ್‌ಪೆಕ್ಟರ್ ಕಾಸರಗೋಡಿನ ಕಡೆಯವರು, ಕನ್ನಡ ತಿಳಿಯುತ್ತಿತ್ತು.

“ಹೊತ್ತು ಮೂಡುವ ಮೊದಲಿಂದ? ಎಷ್ಟು ಕಾಪಿ ಕುಡಿದ?”

“ಒಂದೇಯ.”

ಇನ್ಸ್‌ಪೆಕ್ಟರ್ ನಕ್ಕರು. “ಅಮ್ಮಾ, ನನ್ನ ಅಪ್ಪನೂ ಹೋಟೆಲಿಟ್ಟಿದ್ದ. ಒಂದು ಕಾಪಿಗೆ ಬೆಳಿಗ್ಗೆಯೆಲ್ಲ ಕೂರಿಸಿಕೊಳ್ಳುವ ಹೋಟೆಲು ಈ ಭೂಮಿಯ ಮೇಲೆ ಇಲ್ಲ. ಸುಳ್ಳು ಹೇಳುವುದಾದರೆ ಸ್ವಲ್ಪ ನಂಬುವ ಹಾಗೆ ಹೇಳಿ.”

ಅಂಗಡಿಯಲ್ಲಿ ಐದಾರು ಜನ ಇದ್ದರು. ಎಲ್ಲರೂ ಮಾರನ್‌ನನ್ನು ನಸುಕಿನಿಂದ ನೋಡಿದವರೇ. ಈಗ ಎಲ್ಲರೂ ಏನೋ ಬಿದ್ದುಹೋದವರ ಹಾಗೆ ನೆಲದಲ್ಲಿ ಹುಡುಕುತ್ತಿದ್ದರು. ಅವರನ್ನು ಬೈದು ಏನು ಪ್ರಯೋಜನ? ಮನೆಯಲ್ಲಿ ಹೆಂಡತಿ ಮಕ್ಕಳಿದ್ದವರು.

“ಐತೆ ಸಾರೇ, ಅಂಥ ಹೋಟ್ಲು,” ಎಂದಳು ಇಂದ್ರಮ್ಮ. “ವಿಯೆನ್ನಾದಲ್ಲೈತೆ.” ಶುರುಮಾಡಿದವಳು ನಿಲ್ಲಿಸಲಿಲ್ಲ. ಹಿಮ, ಟ್ರಾಮು, ಕರಿ ಕೋಟಿನವನು, ಬದಲಾಯಿಸಿ ಬದಲಾಯಿಸಿ ಇಟ್ಟ ನೀರು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ, ಅಲ್ಲಿಗೆ ಹೋದರೆ ಒಳಗೆ ಹೊಕ್ಕ ಕೂಡಲೇ ಕೋಟು ಬಿಚ್ಚಿ ಗೂಟಕ್ಕೆ ಹಾಕಬೇಕು ಸಾರೇ, ಹಾಕದಿದ್ದರೆ ಮರ್ಯಾದೆಯಲ್ಲ ಎಂದೂ ಸೇರಿಸಿದಳು. ಅಭ್ಯಾಸ ಬಲ.

“ಆ ದೇಶ ಯಾರ ಕಡೆಯದು?” ಪದ್ಮನಾಭನ್‌ಗೆ ಅನುಮಾನ ಬಂತು. “ಚೀನಾ ಕಡೆಯದೋ, ರಷ್ಯಾ ಕಡೆಯದೋ?”

“ಯಾರ ಕಡೆಗೂ ಸೇರಾಕಿಲ್ಲ ಅಂತ ಬರ್ಕೊಟ್ಟವ್ರೆ ಅಂತಿದ್ರು ನಮ್ ಸಾಹೇಬ್ರು.”

ಇನ್ಸ್‌ಪೆಕ್ಟರ್ ಟೊಪ್ಪಿಗೆ ತೆಗೆದು ಎದುರಿನ ಬೆಂಚಿನಲ್ಲಿ ಕೂತರು. “ನನಗೂ ಒಂದು ಕಾಪಿ. ಮಧ್ಯಾಹ್ನದ ಬಸ್ಸಿಗೆ ಜನ ಬರ್ತಾರಲ್ಲ? ನೋಡೋಣ. ಆಗ ಇವನನ್ನು ನೀವು ಏಳಿಸದೆ ಇದ್ದರೆ ನಿಮ್ಮ ಮಾತು ನಂಬುತ್ತೇನೆ. ಏಳಿಸಿದರೆ ಸೀದಾ ಜೀಪಿಗೆ.”

ಅಯ್ಯೋ, ಇಷ್ಟೇ ತಾನೇ ಎಂದುಕೊಂಡಳು ಇಂದ್ರಮ್ಮ. ಮಾರನ್ ಮುಂದೆ ಹೊಸ ನೀರು ಇಟ್ಟಳು. ಅವನು ಬೆಂಚಿನ ತುದಿಗೆ ಸರಿದಿದ್ದ. “ಸುಮ್ಕೆ ಕೂತ್ಕೋ ಮಗ,” ಎಂದು ಮೆಲ್ಲಗೆ ಹೇಳಿದಳು.

ಬಸ್ಸು ಬಂತು. ಅವತ್ತು ಸಂತೆ, ಕೇಳಬೇಕೇ? ಹುಣಸೆಕೊಂಬೆ ಅಲುಗಿಸಿದ ಹಾಗೆ ಜನ ಉದುರಿದರು. ಬೆಂಚುಗಳು ತುಂಬಿದವು. ಚೀಲ, ಕೋಳಿ, ಕೊಡೆ, ಗದ್ದಲ. ಇಂದ್ರಮ್ಮನ ಕೈ ಎರಡೂ ಸಾಲದು. ಅಷ್ಟರಲ್ಲಿ ಬಾಗಿಲಲ್ಲಿ ಕರುಣಾಕರನ್ ಮುತಲಾಳಿ ಕಾಣಿಸಿಕೊಂಡರು.

ಮುತಲಾಳಿಗೆ ಪಂದ್ಯದ ಸುದ್ದಿ ಏನು ಗೊತ್ತು ಪಾಪ! ಬಿಸಿಲಲ್ಲಿ ಬೆವೆತು ಬಂದಿದ್ದರು. ಒಮ್ಮೆ ಸುತ್ತ ನೋಡಿ, ಗೋಡೆ ಬದಿಗೆ ಹೋಗಿ, ನೊಣ ಓಡಿಸುವಂತೆ ಕೈ ಬೀಸಿದರು. “ಏಯ್, ಏಳು.”

ಹುಟ್ಟಿದಾಗಿನಿಂದ ಆ ಮಾತಿಗೆ ಏಳುವುದನ್ನೇ ಕಲಿತಿದ್ದ ಮಾರನ್ ಅರ್ಧ ಎದ್ದೇಬಿಟ್ಟ. ಇನ್ಸ್‌ಪೆಕ್ಟರ್ ಇಂದ್ರಮ್ಮನ ಕಡೆ ತಿರುಗಿದರು.

ಕಟ್ಟಡ ಮುತಲಾಳಿಯದು. ನಾಳೆ ಬೆಳಿಗ್ಗೆ ಪಾತ್ರೆ ಪಡಗ ಬೀದಿಗೆ ಎಸೆದರೆ ಕೇಳುವವರು ಯಾರು? ಕಬಿನಿ ಆಚೆ ತನಗೆ ಒಂದು ಗೇಣು ನೆಲವೂ ಇಲ್ಲ. ಮಾರನ್ ಅವಳನ್ನೇ ನೋಡುತ್ತಿದ್ದ. ಕೂರಲಾ ಏಳಲಾ ಎಂದು ಕೇಳುವ ಕಣ್ಣು. ಅವಳಿಗೆ ಇದ್ದಕ್ಕಿದ್ದಂತೆ ಕೆಟ್ಟ ಕೋಪ ಬಂತು, ಯಾರ ಮೇಲೆ ಎಂದು ಅವಳಿಗೂ ಗೊತ್ತಾಗಲಿಲ್ಲ.

“ಕೂತ್ಕೊಳೋ ಮಾರ!” ಎಂದು ಗದರಿದಳು. ಅವನು ಧೊಪ್ಪನೆ ಕೂತ. “ಮುತಲಾಳಿ, ಇವತ್ತು ಜಾಗ ಇಲ್ಲ. ನಿಂತ್ಕೊಂಡೇ ಕುಡೀರಿ. ಇಲ್ಲಾಂದ್ರೆ ಜಾಗ ಆಗೋಗಂಟ ಕಾಯಿರಿ.”

ಗದ್ದಲ ನಿಂತುಹೋಯಿತು. ಯಾರದೋ ಚೀಲದೊಳಗಿನ ಕೋಳಿ ಮಾತ್ರ ಕೊಕ್ಕೊಕ್ಕೊ ಎನ್ನುತ್ತಿತ್ತು. ಮುತಲಾಳಿಯ ಮುಖ ಕೆಂಪಾಗಿ ಬಾಯಿ ತೆರೆಯಿತು. “ಇದು ಯಾರ ಕಟ್ಟಡ ಅಂತ ಮರೆತೆಯಾ?”

“ಕಟ್ಟಡ ನಿಮ್ದು. ಬೆಂಚು ಕಾಪಿ ಕೊಂಡೋರ್ದು. ನಾಳಿಕೆ ಖಾಲಿ ಮಾಡು ಅಂದ್ರೆ ಮಾಡ್ತೀನಿ, ಇವತ್ತು ಅವ್ನು ಏಳಾಕಿಲ್ಲ.” ಹೇಳುವಾಗ ಅವಳ ಕಣ್ಣಲ್ಲಿ ನೀರೇ ಬಂತು. ಆದರೂ ಕೈ ಮಾತ್ರ ಕಾಪಿ ಸೋಸಿ, ಲೋಟದ ಮೇಲೆ ಚಮಚವಿಟ್ಟು, ತಟ್ಟೆಯನ್ನು ಮುತಲಾಳಿಯ ಮುಂದೆ ಹಿಡಿಯಿತು.

ಆಗ ಇನ್ಸ್‌ಪೆಕ್ಟರ್ ಸ್ವಲ್ಪ ಸರಿದು ಕೂತರು. “ಇಲ್ಲಿ ಬನ್ನಿ ಮುತಲಾಳಿ, ನನ್ನ ಪಕ್ಕ ಜಾಗ ಇದೆ,” ಎಂದರು. ಪೊಲೀಸಿನವರ ಪಕ್ಕ ಕೂರುವ ಮರ್ಯಾದೆ ಯಾರಿಗೆ ಬೇಡ? ಮುತಲಾಳಿ ಮೀಸೆ ಒರೆಸಿಕೊಂಡು ಕೂತರು, ಗೊಣಗುತ್ತಲೇ ಎರಡು ಕಾಪಿ ಕುಡಿದರು. ಖಾಲಿ ಮಾಡು ಎಂಬ ಮಾತು ಅವರ ಬಾಯಿಂದ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅಷ್ಟು ಒಳ್ಳೆ ಕಾಪಿ ಊರಲ್ಲಿ ಬೇರೆ ಕಡೆ ಸಿಗುತ್ತಿರಲಿಲ್ಲ ನೋಡಿ.

ಇನ್ಸ್‌ಪೆಕ್ಟರ್ ಟೊಪ್ಪಿಗೆ ಹಾಕಿಕೊಂಡು ಎದ್ದರು. ಪದ್ಮನಾಭನ್ ಮಾರನ್‌ನ ತೋಳಿಗೆ ಕೈ ಹಾಕಹೋದ. “ಬಿಡಯ್ಯಾ ಅವನನ್ನು,” ಎಂದರು. ಆಮೇಲೆ ಮಾರನ್‌ಗೆ ಹೇಳಿದರು: “ಏನೂ ಇಲ್ಲ. ನೀನು ಮನೆಗೆ ಹೋಗು.”

ಮಾರನ್ ತಲೆಯೆತ್ತಿದ. ಖಾಕಿಯ ಮುಂದೆ, ಮುತಲಾಳಿಯ ಮುಂದೆ, ಇಡೀ ಸಂತೆಯ ಜನದ ಮುಂದೆ, ಕೂತಲ್ಲಿಂದ ಅಲ್ಲಾಡದೆ ಹೇಳಿದ:

“ಆಮೇಲ್ ಹೋಯ್ತೀನಿ, ಸಾರೇ.”