ಹೆಬ್ಬಾವಿಗೆ ಕೇಳಿಸಿದ ಕೂಗು

ಇವತ್ತು ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ತುಂಬ ಸೀದ ಬೇಳೆಯ ವಾಸನೆ. ಯಾರ ಮನೆಯದೆಂದು ಗೊತ್ತಾಗಲಿಲ್ಲ, ಕೇಳಿದರೆ ಯಾರೂ ಒಪ್ಪಿಕೊಳ್ಳುವುದೂ ಇಲ್ಲ. ನಿಮಗೆ ಸೀದ ಬೇಳೆಯ ವಾಸನೆ ಬಂದರೆ ಏನು ನೆನಪಾಗುತ್ತದೋ, ನನಗಂತೂ ಕಂಪ್ಯೂಟರ್ ಪ್ರೋಗ್ರಾಮು ನೆನಪಾಗುತ್ತದೆ. ನಗಬೇಡಿ. ನಾನು ಇದುವರೆಗೆ ಬರೆದ ಪ್ರೋಗ್ರಾಮುಗಳಲ್ಲಿ ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ ಒಂದು, ಅದು ಹುಟ್ಟಿದ್ದು ಈ ವಾಸನೆಯ ನಡುವೆ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಆಗ ನಾವು ವಿಜಯನಗರದಲ್ಲಿದ್ದೆವು, ನಮ್ಮವರು, ನಾನು, ನಮ್ಮತ್ತೆ. ನಾನು ಕೆಂಗೇರಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಎಂ.ಟೆಕ್ ಇಲ್ಲದಿದ್ದರೆ ಮುಂದೆ ಕಷ್ಟ ಎಂದು ಕಾಲೇಜಿನವರು ಹೆದರಿಸಿದ್ದರಿಂದ, ಮೂವತ್ತೈದರ ಆಸುಪಾಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿದ್ದೆ. ಬೆಳಿಗ್ಗೆ ನಾನು ಬೈದ ಹುಡುಗರ ಅಣ್ಣಂದಿರೇ ಸಂಜೆ ನನ್ನ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದರು. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ಸದ್ದು.

ಸದ್ದನ್ನು ಚಿತ್ರವಾಗಿ ತೋರಿಸುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಇತ್ತು. ಅದಕ್ಕೆ ಪ್ಲಗಿನ್ ಎನ್ನುವ ಸಣ್ಣ ಪ್ರೋಗ್ರಾಮುಗಳನ್ನು ಬರೆದು ಜೋಡಿಸಬಹುದು. ಮಿಕ್ಸಿಯ ಮೋಟಾರು ಒಂದೇ ಇದ್ದು ಚಟ್ನಿಗೊಂದು ಜಾರು, ಸಾರಿನ ಪುಡಿಗೊಂದು ಜಾರು ಕೂರಿಸುವುದಿಲ್ಲವೇ, ಹಾಗೆ. ಹಾಡಿನ ಶ್ರುತಿ ಹುಡುಕುವುದಕ್ಕೊಂದು ಪ್ಲಗಿನ್, ತಾಳದ ಪೆಟ್ಟು ಎಲ್ಲಿ ಬಿತ್ತೆಂದು ಗುರುತು ಹಾಕುವುದಕ್ಕೆ ಇನ್ನೊಂದು. ಇವನ್ನು ಸಿ ಭಾಷೆಯಲ್ಲಿ ಬರೆಯುವುದು ರೂಢಿ. ಆದರೆ ಸಿ ಭಾಷೆಯಲ್ಲಿ ಒಂದು ಸಾಲು ಬದಲಾಯಿಸಿದರೂ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ಇಳಿಸಬೇಕು, ಅದು ಹತ್ತಾರು ತಪ್ಪು ತೋರಿಸಿ ಮರ್ಯಾದೆ ತೆಗೆಯುತ್ತದೆ. ಆ ಹೊತ್ತಿಗೆ ಯಾರೋ ಪುಣ್ಯಾತ್ಮರು ಪೈಥಾನ್ ಎಂಬ ಸುಲಭದ ಭಾಷೆಯಲ್ಲೇ ಪ್ಲಗಿನ್ ಬರೆಯಲು ದಾರಿ ಮಾಡಿಕೊಟ್ಟಿದ್ದರು. ಬರೆದು, ಉಳಿಸಿ, ಮತ್ತೆ ಓಡಿಸಿದರೆ ಮುಗಿಯಿತು, ಪರದೆಯ ಮೇಲೆ ಸದ್ದಿನ ಚಿತ್ರದ ನೆತ್ತಿಯಲ್ಲಿ ಗೆರೆಗಳು ಮೂಡುತ್ತಿದ್ದವು. ಮೊದಲ ಗೆರೆ ಮೂಡಿದ ದಿನ ನಾನು ಕುರ್ಚಿಯಿಂದ ಎದ್ದು ಅಡುಗೆಮನೆಯವರೆಗೂ ಓಡಿ, ಅತ್ತೆಯ ಭುಜ ಹಿಡಿದು ಕುಣಿದದ್ದು ನೆನಪಿದೆ. ಅವರ ಕೈಯಲ್ಲಿ ಸೌಟಿತ್ತು.

ನಮ್ಮವರಿಗೆ ಜೋಕು ಹೇಳುವ ಚಟ. ಅವು ಎಂಥ ಜೋಕುಗಳೆಂದು ನೀವೇ ನೋಡಿ. "ಪೈಥಾನ್ ಅಂದ್ರೆ ಹೆಬ್ಬಾವು. ಹಾವಿಗೆ ಕಿವಿನೇ ಇಲ್ಲ. ನೀನು ಅದಕ್ಕೆ ಕೇಳಿಸ್ಕೊಳ್ಳೋದು ಕಲಿಸ್ತಾ ಇದೀಯ!" ಎಂದು ತಾವೇ ಮೊದಲು ನಕ್ಕರು. ಅತ್ತೆಯೂ ನಕ್ಕರು. ಮಗನ ಜೋಕಿಗೆ ಅತ್ತೆ ನಗದಿದ್ದ ದಿನವೇ ಇರಲಿಲ್ಲ.

ಹಾಡು ನನಗೆ ದಕ್ಕಲಿಲ್ಲ. ಮೃದಂಗ, ಪಿಟೀಲು, ಗಾಯಕರ ಕೆಮ್ಮು ಎಲ್ಲವೂ ಸೇರಿ ನನ್ನ ಪ್ಲಗಿನ್ ಸಿಕ್ಕಸಿಕ್ಕಲ್ಲಿ ಗೆರೆ ಎಳೆಯುತ್ತಿತ್ತು. ನನ್ನ ಗೈಡ್ ಸಾವಧಾನದ ಮನುಷ್ಯರು. "ಹಾಡು ಆಮೇಲೆ ನೋಡೋಣ ಮೇಡಂ. ಮೊದ್ಲು ದಿನಾ ಒಂದೇ ಥರ ಬರೋ ಸದ್ದು ಯಾವ್ದಾದ್ರೂ ಹಿಡೀರಿ," ಎಂದರು. ಅದನ್ನೇ ಯೋಚಿಸುತ್ತ ಮನೆಯ ಊಟದ ಮೇಜಿನ ಮುಂದೆ ಕೂತಿದ್ದಾಗ ಕುಕ್ಕರ್ ಕೂಗಿತು.

ಕುಕ್ಕರ್ ಕೂಗುವುದನ್ನು ಎಣಿಸುವುದೇನು ದೊಡ್ಡ ವಿದ್ಯೆ ಎನ್ನಬೇಡಿ. ನೀವು ವಿಜಯನಗರದ ಆ ಸಾಲಿನಲ್ಲಿ ಇದ್ದವರಲ್ಲ. ಮನೆಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ನಮ್ಮ ಅಡುಗೆಮನೆ ಕಿಟಕಿಗೆ ಎದುರಾಗಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪಕ್ಕದ ಮನೆ ಜಯಮ್ಮನವರ ಅಡುಗೆಮನೆ ಕಿಟಕಿ. ಆ ಸಾಲಿನ ಹೆಂಗಸರೆಲ್ಲ ಒಂದಲ್ಲ ಒಂದು ದಿನ ಪಕ್ಕದ ಮನೆಯ ಕುಕ್ಕರ್ ಕೂಗಿದ್ದಕ್ಕೆ ತಮ್ಮ ಮನೆಯ ಒಲೆ ಆರಿಸಿದವರೇ. ಹಾಗಾದ ದಿನ ನಮ್ಮ ಮನೆಯಲ್ಲಿ ಅಕ್ಕಿ ಅಕ್ಕಿಯಾಗಿಯೇ ತಟ್ಟೆಗೆ ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಬೇಳೆ ಸೀಯುತ್ತಿತ್ತು. ಅತ್ತೆ ಒಮ್ಮೆ ಗ್ಯಾಸ್ಕೆಟ್ಟಿಗೆ ಬೈಯುವರು, ಒಮ್ಮೆ ಬೇಳೆಗೆ, ಒಮ್ಮೆ ಸಿಲಿಂಡರಿಗೆ.

ಫ್ರಿಜ್ಜಿನ ಮೇಲೆ ಮೈಕು ಇಟ್ಟು ದಿನದ ಅಡುಗೆಯನ್ನೆಲ್ಲ ರೆಕಾರ್ಡ್ ಮಾಡತೊಡಗಿದೆ. ಎಷ್ಟು ಎತ್ತರದ ದನಿ, ಎಷ್ಟು ಜೋರು, ಎಷ್ಟು ಹೊತ್ತು ಎಂದು ಅಳೆದು, ಇಂತಿಷ್ಟು ಮಿತಿ ದಾಟಿದರೆ ಅದು ಕೂಗು ಎಂದು ಪ್ಲಗಿನ್ ಗುರುತು ಹಾಕಬೇಕು. ಶುರುವಿನಲ್ಲಿ ಅದು ಕೋಗಿಲೆಯನ್ನೂ ಕುಕ್ಕರ್ ಎಂದಿತು. ಬ್ರೇಕು ಸವೆದ ಆಟೋ ನಿಂತರೂ ಅನ್ನ ಆಯಿತು ಎಂದಿತು. ಒಂದೊಂದನ್ನೇ ತಿದ್ದುತ್ತ ಹೋದೆ. ಜಯಮ್ಮನವರ ಕುಕ್ಕರಿನ ದನಿ ನಮ್ಮದಕ್ಕಿಂತ ಕೊಂಚ ಕೆಳಗಿನ ಶ್ರುತಿಯಲ್ಲಿದೆ ಎಂದು ಕಂಡುಹಿಡಿದ ದಿನ ಅವರಿಗೇ ಹೋಗಿ ಹೇಳಿದೆ. "ನಮ್ದು ಸ್ಟೀಲ್ ಕಣ್ರೀ, ಅದ್ಕೇ," ಎಂದು ಅವರು ಬೀಗಿದರು.

ಪ್ಲಗಿನ್ ಹೇಳಿದ್ದು ಸರಿಯೋ ತಪ್ಪೋ ನೋಡುವುದಕ್ಕೆ ಒಬ್ಬರು ಕಿವಿಯಿಂದ ಎಣಿಸಬೇಕಲ್ಲ, ಆ ಕೆಲಸ ಅತ್ತೆಯದು. ಅವರು ಖುಷಿಯಿಂದಲೇ ಒಪ್ಪಿಕೊಂಡರು. ಸಂಜೆ ಲೆಕ್ಕ ಒಪ್ಪಿಸುವಾಗ ಮಾತ್ರ ಜಗಳ. ಪ್ಲಗಿನ್ ಐದು ಎಂದರೆ ಅತ್ತೆ ಮೂರು ಎನ್ನುವರು.

"ನಿನ್ ಹೆಬ್ಬಾವು ಸುಳ್ ಹೇಳ್ತೈತೆ ಕಣೇ. ಇಲ್ದಿರೋ ಕೂಗೆಲ್ಲ ಅದ್ಕೆ ಎಲ್ಲಿಂದ ಬಂತು?"

ಅಡುಗೆಮನೆಯಲ್ಲಿ ಅಷ್ಟು ವರ್ಷ ಕಳೆದವರು ತಪ್ಪುತ್ತಾರೆಯೇ? ತಪ್ಪು ನನ್ನ ಕೋಡಿನದೇ ಎಂದುಕೊಂಡೆ. ರೆಕಾರ್ಡಿಂಗನ್ನು ಮತ್ತೆ ಕೇಳಿ ನೋಡುವ ತಾಳ್ಮೆಯೂ ಇಲ್ಲದೆ ಮಿತಿಯನ್ನು ಸ್ವಲ್ಪ ಏರಿಸಿದೆ. ಮರುದಿನ ಪ್ಲಗಿನ್ನಿನದು ನಾಲ್ಕು, ಅತ್ತೆಯದು ಮೂರು. ಮತ್ತೆ ಏರಿಸಿದೆ. ಹೀಗೆ ಏರಿಸುತ್ತ ಏರಿಸುತ್ತ ಕೊನೆಗೊಂದು ದಿನ ಅತ್ತೆಯೂ ಪ್ಲಗಿನ್ನೂ ಒಂದೇ ಲೆಕ್ಕ ಹೇಳಿದರು. ಆ ಸಂತೋಷಕ್ಕೆ ನಮ್ಮವರು ಕಾಂಗ್ರೆಸ್ ಕಡಲೆಬೀಜ ತಂದರು.

ಗೈಡ್ ಮುಂದೆ ಹೆಮ್ಮೆಯಿಂದ ಓಡಿಸಿ ತೋರಿಸಿದೆ. ಅವರು ಹೆಡ್‌ಫೋನ್ ಹಾಕಿಕೊಂಡು ಪರದೆ ನೋಡುತ್ತ ಕೇಳಿದರು. ಹುಬ್ಬು ಗಂಟಾಯಿತು. "ಇಲ್ಲೊಂದು ಕೂಗಿತಲ್ಲ ಮೇಡಂ, ಗುರುತೇ ಹಾಕಿಲ್ಲ? ಇಲ್ಲೂ ಅಷ್ಟೆ." ಹೆಡ್‌ಫೋನ್ ತೆಗೆದು ನಕ್ಕರು. "ನಿಮ್ ಪ್ಲಗಿನ್‌ಗೆ ಕಿವಿ ಮಂದ."

ನಾನೂ ಹಾಕಿಕೊಂಡು ಕೇಳಿದೆ. ಸಣ್ಣಗೆ, ಆದರೆ ಸ್ಪಷ್ಟವಾಗಿ ನಮ್ಮದೇ ಕುಕ್ಕರ್ ಕೂಗಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದೂ ನನ್ನ ಗಮನಕ್ಕೆ ಬರಲಿಲ್ಲ. ಪ್ಲಗಿನ್‌ನ ಕಿವಿಯನ್ನು ಮಂದ ಮಾಡಿದವಳು ನಾನೇ. ಅತ್ತೆಯ ಕಿವಿಗೆ ಸಮನಾಗುವವರೆಗೆ ಮಾಡಿದ್ದೆ. ಅಂದರೆ ಗೊತ್ತಿಲ್ಲದೆ ನಾನು ಅತ್ತೆಯ ಕಿವಿಯನ್ನೇ ಅಳೆದಿದ್ದೆ. ಒಂದೊಂದೇ ನೆನಪಾಗತೊಡಗಿತು. ಫೋನ್ ಬಂದರೆ "ನೀನೇ ತಗೊಳ್ಳೇ, ಕೈ ಒದ್ದೆ" ಎನ್ನುತ್ತಿದ್ದುದು. ಮಾತಾಡುವವರ ಮುಖಕ್ಕೆ ನೇರವಾಗಿ ಕೂರುತ್ತಿದ್ದುದು. ಎಲ್ಲರೂ ನಕ್ಕು ಒಂದು ಗಳಿಗೆಯಾದ ಮೇಲೆ ನಗುತ್ತಿದ್ದುದು. ನಮ್ಮತ್ತೆ ಬಲು ಮಾತಿನವರು, ಗೇಟಿನ ಹತ್ತಿರ ನಿಂತರೆ ಬೀದಿಗೆಲ್ಲ ಹೊತ್ತು ಹೋಗುತ್ತಿತ್ತು. ತಾವೇ ಮಾತಾಡುತ್ತಿದ್ದರೆ ಇನ್ನೊಬ್ಬರದು ಕೇಳಿಸಿಕೊಳ್ಳುವ ಕಷ್ಟವಿಲ್ಲವಲ್ಲ ಎಂದು ಆಗ ಹೊಳೆಯಿತು.

ಸೊಸೆಯಾದವಳು ಅತ್ತೆಗೆ "ನಿಮಗೆ ಕಿವಿ ಕೇಳಿಸುತ್ತಿಲ್ಲ" ಎಂದು ಹೇಳುವುದು ಹೇಗೆ? ನೀವಾಗಿದ್ದರೆ ಏನು ಮಾಡುತ್ತಿದ್ದಿರೋ. ನಾನಂತೂ ಮರುದಿನ ಮಧ್ಯಾಹ್ನ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟು, ಮಿತಿಯನ್ನು ಮೊದಲಿದ್ದಲ್ಲಿಗೆ ಇಳಿಸಿ ಅಡುಗೆಮನೆಯ ರೆಕಾರ್ಡಿಂಗನ್ನು ಓಡಿಸಿದೆ. ಪರದೆಯ ಮೇಲೆ ಬೆಳ್ಳಗೆ ಕೂಗೊಂದು ಎದ್ದು ನಿಂತಿತು. "ಈಗ ಕೂಗ್ತಾ ಅತ್ತೆ?" ಎಂದೆ. ಅವರು ಪರದೆ ನೋಡಿದರು, ನನ್ನ ಮುಖ ನೋಡಿದರು.

"ಕೂಗ್ತಾ?" ಎಂದು ನನ್ನನ್ನೇ ಕೇಳಿದರು.

ಹೂಂ ಎಂದು ತಲೆಯಾಡಿಸಿದೆ. ಅವರು ಎದ್ದು ಹೋಗಿ ಮುಂಬಾಗಿಲು ಹಾಕಿ ಬಂದು ಕೂತರು.

"ನಮ್ಮವ್ವಂಗೂ ಹಿಂಗೇ ಆಗಿತ್ತು ಕಣೇ. ಮಲ್ಲತ್ತಹಳ್ಳಿ ಮನೇಲಿ ಹತ್ತಾರ್ ಜನ. ಅವ್ಳ ಮುಂದೇನೇ ಅವ್ಳ ವಿಷ್ಯ ಮಾತಾಡ್ಕೊಳೋರು. ಹಬ್ಬ, ಮದ್ವೆ, ಹೊಲ ಮಾರೋದು, ಯಾವ್ದೂ ಅವ್ಳಿಗ್ ಹೇಳ್ತಿರ್ಲಿಲ್ಲ. ಯಾರ್ ಕಿರುಚ್ಕೊಂಡ್ ಸಾಯ್ತಾರೆ ಅನ್ನೋರು. ಅವ್ಳು ನಗೋರ್ ಜೊತೆ ನಗೋಳು, ಯಾಕೇಂತ ಗೊತ್ತಿಲ್ದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಗೊತ್ತಾದ್ರೆ ನೀವೂ ನನ್ನ ಮಾತಿಂದಾಚೆ ಹಾಕ್ತೀರ ಅಂತ ಸುಮ್ನಿದ್ದೆ."

ನನಗೆ ಅಳು ಬಂತು. ಅವರ ಕೈ ಹಿಡಿದುಕೊಂಡೆ. "ನಿಮ್ಮನ್ನ ಮಾತಿಂದಾಚೆ ಹಾಕೋರು ಈ ಬೆಂಗಳೂರಲ್ಲಿ ಯಾರಿದಾರೆ ಅತ್ತೆ?" ಎಂದೆ, ಆದಷ್ಟು ಜೋರಾಗಿ. ಅವರಿಗೆ ನಗು ಬಂದುಬಿಟ್ಟಿತು. ಆಮೇಲೆ ಲ್ಯಾಪ್‌ಟಾಪ್ ಕಡೆ ಬಾಗಿ, "ಇನ್ನೇನೇನ್ ಕೇಳಿಸ್ತೈತೆ ನಿನ್ ಹೆಬ್ಬಾವಿಗೆ? ತೋರ್ಸು," ಎಂದರು. ಅವತ್ತು ಮಧ್ಯಾಹ್ನವೆಲ್ಲ ನಾವಿಬ್ಬರೂ ಕೋಗಿಲೆಯನ್ನೂ ನಲ್ಲಿಯ ತೊಟ್ಟನ್ನೂ ಜಯಮ್ಮನವರ ಸೀನನ್ನೂ ಪರದೆಯ ಮೇಲೆ ನೋಡುತ್ತ ಕೂತೆವು.

ಅತ್ತೆಯನ್ನು ರಾಜಾಜಿನಗರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, "ಟೆಸ್ಟ್ ಏನ್ ಬೇಡ ಸಾಮಿ, ನಮ್ ಸೊಸೆ ಕುಕ್ಕರಲ್ಲೇ ಮಾಡವ್ಳೆ," ಎಂದರು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಕಿವಿಗೆ ಮಿಷಿನ್ನು ಬಂದ ದಿನ ಮನೆಯಲ್ಲಿ ಹಬ್ಬ. ಬಳೆಯ ಸದ್ದಿಗೆ ಬೆಚ್ಚಿದರು. ಕೋಡುಬಳೆ ಕಡಿದು, ತಲೆಯೊಳಗೇ ಯಾರೋ ಸೌದೆ ಒಡೆದಂತಾಯಿತು ಎಂದರು. ಕುಕ್ಕರ್ ಕೂಗಿದಾಗ ಕೆನ್ನೆಗೆ ಕೈಯಿಟ್ಟು, "ಅಯ್ಯೋ, ದಿನಾ ಇಷ್ಟ್ ಜೋರಾಗ್ ಅರಚ್ತಿತ್ತಾ ಇದು? ಬೀದಿಯೋರು ಏನನ್ಕೊಂಡ್ರೋ!" ಎಂದರು. ಸಂಜೆ ನಮ್ಮವರು ಬಂದು, ಈ ಸುಸಮಯಕ್ಕೆಂದೇ ಒಂದು ಜೋಕು ಹೇಳಿದರು. ಅತ್ತೆ ಗಮನವಿಟ್ಟು ಕೇಳಿದರು. ಮಗನನ್ನು ಒಂದು ಗಳಿಗೆ ದಿಟ್ಟಿಸಿದರು.

"ಇಷ್ಟ್ ವರ್ಷ ಇದ್ಕಾ ನಾನ್ ನಕ್ಕಿದ್ದು?"

ಎಂ.ಟೆಕ್ ಹೇಗೋ ಆಯಿತು. ಆ ಪ್ಲಗಿನ್ ಎಲ್ಲಿ ಹೋಯಿತೋ, ಈಗ ಹುಡುಕಿದರೂ ಸಿಗುವುದಿಲ್ಲ.

ಇಷ್ಟೆಲ್ಲ ನೆನೆಸಿಕೊಂಡು ಮೆಟ್ಟಿಲು ಹತ್ತಿ ಮನೆಯೊಳಗೆ ಬಂದೆ. ನಾವೀಗ ಇರುವುದು ಅನ್ನಪೂರ್ಣೇಶ್ವರಿ ನಗರದಲ್ಲಿ. ಭಾನುವಾರವಾದ್ದರಿಂದ ಸುಂಕದಕಟ್ಟೆಯ ನಾದಿನಿಯ ಮನೆಯವರೂ ಮಧ್ಯಾಹ್ನ ಊಟಕ್ಕೆ ಬಂದರು. ಎಂಬತ್ತು ದಾಟಿದ ಅತ್ತೆ ಎಂದಿನಂತೆ ಎಲ್ಲರ ನಡುವೆ ಕೂತರು. ಮುದ್ದೆ ಮುಗಿದು ಅನ್ನಕ್ಕೆ ಬಂದಾಗ ನಮ್ಮವರು ಸಾರು ಕಲಸುತ್ತ ಏನೋ ಅಂದರು. ಎಲ್ಲರೂ ನಕ್ಕರು. ನಗುವುದಕ್ಕೆ ನನ್ನ ಬಾಯಿಯೂ ತಾನಾಗಿಯೇ ಅರ್ಧ ತೆರೆದಿತ್ತು, ಅಷ್ಟರಲ್ಲಿ ನನಗೆ ತಿಳಿಯಿತು, ಅವರು ಹೇಳಿದ್ದು ನನಗೆ ಕೇಳಿಸಿಯೇ ಇರಲಿಲ್ಲ. ಇದೇ ಮೊದಲ ಸಲವೂ ಅಲ್ಲ. ಕೆಲವು ತಿಂಗಳಿಂದ ತಪ್ಪನ್ನು ಫ್ಯಾನಿನ ಮೇಲೂ ಪಾತ್ರೆಗಳ ಮೇಲೂ ಹಾಕುತ್ತ ಬಂದಿದ್ದೆ.

ಬಾಯಿ ಮುಚ್ಚಿಕೊಂಡೆ. ಎಲ್ಲರ ನಗು ನಿಲ್ಲುವವರೆಗೆ ಕಾದು, "ಏನಂದ್ರಿ? ನನಗೆ ಕೇಳಿಸ್ಲಿಲ್ಲ," ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಅವ್ಳಿಗ್ ಕೇಳಿಸ್ಲಿಲ್ವಂತೆ ಕಣೋ. ಮೊದ್ಲಿಂದ ಹೇಳು. ಅವ್ಳ ಮುಖ ನೋಡ್ಕೊಂಡ್ ಹೇಳು," ಎಂದರು.

ನಮ್ಮವರು ಕಲಸಿದ ಕೈಯನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು, ನನ್ನ ಕಡೆ ಬಾಗಿ, ಮೊದಲಿಂದ ಹೇಳಿದರು. ಒಂದಕ್ಷರವೂ ಬಿಡದೆ ಕೇಳಿಸಿತು. ಜೋಕು ಮಹಾ ಕೆಟ್ಟದಾಗಿತ್ತು. ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾನೊಬ್ಬಳೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.