ಒಣ ಪೈಪಿನಲ್ಲಿ ಕೇಳಿದ ಮೂರು ಬಡಿತ

ದೆವ್ವ, ಶಕುನ, ಒಳಗಿನಿಂದ ಯಾರೋ ಹೇಳಿದಂತಾಯಿತು ಎನ್ನುವ ಮಾತುಗಳನ್ನೆಲ್ಲ ನಾನು ನಕ್ಕು ತಳ್ಳಿಹಾಕಿದವನು. ನಮ್ಮ ವಂಶದಲ್ಲಿ ಡಿಗ್ರಿ ಪಾಸಾದ ಮೊದಲನೆಯವನು ನಾನೇ. ಅವ್ವ ದೇವರ ಹೇಳಿಕೆ ಕೇಳಿಕೊಂಡು ಬರುತ್ತೇನೆಂದು ಹೊರಟರೆ, ಅದೆಲ್ಲ ಓದದವರ ಭಯ ಎಂದು ಭಾಷಣ ಬಿಗಿಯುತ್ತಿದ್ದೆ. ಈಗ ಬರೆಯುತ್ತಿರುವುದು ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಮಟಮಟ ಮಧ್ಯಾಹ್ನ ನಡೆದದ್ದು. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನನ್ನ ಸಿಟ್ಟನ್ನಾದರೂ ನಂಬಿದರೆ ಸಾಕು.

ನಮ್ಮದು ಯಾದಗಿರಿ ಕಡೆ. ಅಣ್ಣ ಹನುಮಂತ ನನಗಿಂತ ಹತ್ತು ವರ್ಷ ದೊಡ್ಡವನು. ಪೀಣ್ಯದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಮೇಲೆ ತಗಡು ಒತ್ತಿ ಒತ್ತಿ ನನ್ನನ್ನು ಓದಿಸಿದ. ಡಿಗ್ರಿ ರಜೆಯಲ್ಲಿ ನಾನೂ ಅವನ ಜೊತೆ ಕೆಲಸಕ್ಕೆ ನಿಲ್ಲುತ್ತಿದ್ದೆ. ಅಚ್ಚಿನೊಳಗೆ ಕೈ ಹಾಕಿ ತಗಡು ಕೂರಿಸುವುದು ಅವನ ಕೆಲಸ, ಪೆಡಲ್ ತುಳಿದು ಮೇಲಿನ ಅಚ್ಚು ಬೀಳಿಸುವುದು ನನ್ನದು. ಆ ಗದ್ದಲದಲ್ಲಿ ಎಷ್ಟು ಕೂಗಿದರೂ ಕೇಳದು. ಹಾಗಾಗಿ ಆ ಶೆಡ್ಡಿನವರದೇ ಒಂದು ರೂಢಿಯಿತ್ತು. ಸ್ಪ್ಯಾನರಿನಿಂದ ಮೆಷಿನ್ನಿಗೆ ಎರಡು ಬಡಿತ, ಒಂಚೂರು ತಡೆದು ಇನ್ನೊಂದು. ಟಕ್ ಟಕ್... ಟಕ್. ಕೈ ಒಳಗಿದೆ, ತುಳಿಯಬೇಡ ಎಂದು ಅದರ ಅರ್ಥ. ಅಣ್ಣನಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಮನೆ ಬಾಗಿಲನ್ನೂ ಹಾಗೇ ಬಡಿಯುತ್ತಿದ್ದ. "ಬಂದ ನೋಡು ಪ್ರೆಸ್ಸಿನ ಸಾಹೇಬ" ಎಂದು ಅವ್ವ ಒಳಗಿಂದಲೇ ಕಿಚಾಯಿಸುತ್ತಿದ್ದಳು.

ಡಬಲ್ ಶಿಫ್ಟಿನ ಮೈನೋವಿಗೆ ಮೊದಲು ಮಾತ್ರೆ ಬಂತು. ಡಾಕ್ಟರ ಚೀಟಿ ಕೇಳದೆ ಮೆಡಿಕಲ್ ಶಾಪಿನವರು ಕೊಟ್ಟರು. ಆಮೇಲೆ, ರಾತ್ರಿ ಪಾಳಿ ಬಿಟ್ಟವರಿಗೆಂದೇ ಬೆಳಗ್ಗೆ ಬಾಗಿಲೆತ್ತುವ ಬಾರಿನಲ್ಲಿ ನಿಂತೇ ಒಂದು ನೈಂಟಿ. ಕೊನೆಗೆ ಎದ್ದ ಕೂಡಲೇ ಒಂದು, ಕೈ ನಡುಗದಿರಲಿ ಅಂತ. ನಡುಗುವ ಕೈಯನ್ನು ಯಾರು ಪ್ರೆಸ್ ಹತ್ತಿರ ಬಿಟ್ಟಾರು? ಕೆಲಸ ಹೋಯಿತು, ಅದನ್ನು ಅವ್ವನಿಗೆ ತಿಳಿಸಲಿಲ್ಲ. ಈಗ ಅದೇ ಬೀದಿಯಲ್ಲಿ ಪೇಂಟಿನ ಥಿನ್ನರ್ ಮೂಸುವವರನ್ನೂ ನೋಡಿದ್ದೇನೆ. ನಾನು ಕೆಲಸ ಮಾಡುವ ವೈಟ್‌ಫೀಲ್ಡಿನ ಆಫೀಸಿನಲ್ಲೂ ಅಮಲು ಇದೆ, ಅದರ ಪ್ಯಾಕೆಟ್ಟು ಬೇರೆ. ಅಲ್ಲಿಯವರು ಜಾರಿದರೆ ಕೌನ್ಸೆಲಿಂಗ್, ಸಂಬಳದ ರಜೆ, ಹುಲ್ಲುಹಾಸು ಇರುವ ರಿಹ್ಯಾಬ್. ನಮ್ಮಣ್ಣ ಜಾರಿದರೆ ಅವನು ಕುಡುಕ. ಕಾಯಿಲೆ ಎಂಬ ಪದವನ್ನು ಯಾರೂ ಅವನಿಗೆ ಖರ್ಚು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಅತ್ತಿಬೆಲೆ ಹತ್ತಿರ ಒಂದು ವ್ಯಸನಮುಕ್ತಿ ಕೇಂದ್ರವಿದೆ, ಗ್ಯಾರಂಟಿಯಾಗಿ ಬಿಡಿಸುತ್ತಾರೆ ಎಂದು ಯಾರೋ ಹೇಳಿದರು. ಒಂದು ಶುಕ್ರವಾರ ಬೆಳಗ್ಗೆ ಅಣ್ಣನನ್ನು ಕರೆದೊಯ್ದೆ. ಮೇಜಿನ ಹಿಂದೆ ಕೂತಿದ್ದವನು ಮೂರು ಪುಟದ ಫಾರಂ ಮುಂದಿಟ್ಟ. ಪೂರ್ತಿ ಇಂಗ್ಲಿಷು, ವಕೀಲರ ಇಂಗ್ಲಿಷು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಕನ್ನಡದಲ್ಲಿ ಇದೆಯಾ ಎಂದು ಕೇಳಬಹುದಿತ್ತು. ಪಕ್ಕದಲ್ಲಿ ಅಣ್ಣ ಹೆಮ್ಮೆಯಿಂದ, "ನಮ್ ತಮ್ಮ ಡಿಗ್ರಿ ಮಾಡ್ಯಾನ್ರೀ, ಎಲ್ಲಾ ಓದ್ತಾನ" ಎಂದುಬಿಟ್ಟ. ಕಣ್ಣಾಡಿಸಿದಂತೆ ನಟಿಸಿ ಸೈನ್ ಹಾಕಿದೆ. ಒಳಗೆ ಹೋಗುವಾಗ ಅವನು ತಿರುಗಿ, "ಅವ್ವಗ ಹೇಳಬ್ಯಾಡ, ಡ್ಯೂಟಿಗಿ ಹೋಗ್ಯಾನ ಅನ್ನು" ಎಂದ.

ಭಾನುವಾರ ಪಟ್ಟಂದೂರು ಅಗ್ರಹಾರದ ನನ್ನ ಬಾಡಿಗೆ ರೂಮಿನಲ್ಲಿ ಬಟ್ಟೆ ನೆನೆಹಾಕಿ ಕೂತಿದ್ದೆ. ಎರಡು ದಿನದಿಂದ ನೀರಿರಲಿಲ್ಲ, ಬಕೆಟ್ಟಿನಲ್ಲಿ ಹಿಡಿದಿಟ್ಟದ್ದಷ್ಟೇ. ಗೋಡೆಗುಂಟ ಮೇಲಿನ ಟ್ಯಾಂಕಿಗೆ ಹೋಗುವ ಹಳೆಯ ಕಬ್ಬಿಣದ ಪೈಪು. ಅದರಲ್ಲಿ ಕೇಳಿತು. ಟಕ್ ಟಕ್... ಟಕ್.

ಮಾಳಿಗೆಗೆ ಹತ್ತಿ ನೋಡಿದೆ, ಯಾರೂ ಇಲ್ಲ. ಇಳಿದು ಬಂದರೆ ಮತ್ತೆ. ಈ ಸಲ ಜೋರಾಗಿ. ಓನರ್ ಆಂಟಿ ಹೊರಗೆ ಅವರೆಕಾಯಿ ಬಿಡಿಸುತ್ತಿದ್ದರು. ಆ ಊರಿನ ಹಳೇ ಒಕ್ಕಲು, ಯಾವ ಮಾತಿಗೂ ಹೆದರುವವರಲ್ಲ. ಮೇಲೆ ಯಾರಾದರೂ ಪೈಪ್ ರಿಪೇರಿ ಮಾಡ್ತಿದಾರಾ ಆಂಟಿ ಎಂದೆ.

"ನೀರೇ ಇಲ್ಲ, ಯಾತರ ರಿಪೇರಿ? ಇಷ್ಟೊತ್ತಿಗೇ ಏನಾರ ಏರಿಸ್ಕಂಡಿದೀಯಾ?" ಎಂದು ನಕ್ಕರು.

ಜೀವನದಲ್ಲಿ ಒಂದು ಹನಿ ಮುಟ್ಟದವನು ನಾನು. ಸಿಟ್ಟು ಬಂತು. ಬನ್ನಿ, ನೀವೇ ಕೇಳಿ ಎಂದು ಕರೆದೆ. ಗೊಣಗುತ್ತಲೇ ಬಂದು ಪೈಪಿನ ಮೇಲೆ ಅಂಗೈ ಇಟ್ಟರು. ಟಕ್ ಟಕ್... ಟಕ್. ಬಿಸಿ ತಾಗಿದವರಂತೆ ಕೈ ಕಿತ್ತುಕೊಂಡರು. "ಅದುರ್ತೈತೆ ಕಣಪ್ಪಾ," ಎಂದವರೇ ಮೊರವನ್ನೂ ಮರೆತು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೇಂದ್ರಕ್ಕೆ ಫೋನ್ ಮಾಡಿದೆ. ಮಲಗಿದ್ದಾರೆ ಸಾರ್, ಆರಾಮಾಗಿದ್ದಾರೆ ಎಂದ ಒಬ್ಬ. ಅವನು ಹಾಗನ್ನುತ್ತಿದ್ದಾಗಲೇ ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ಮತ್ತೆ ಬಡಿತ. ಪಕ್ಕದ ರೂಮಿನವನ ಬೈಕ್ ಕೇಳಿ ತೆಗೆದುಕೊಂಡೆ. ಸರ್ಜಾಪುರದ ಮೇಲೆ ಅತ್ತಿಬೆಲೆ ಮುಟ್ಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ. ಓದಿದವನು ಒಂದು ಪೈಪಿನ ಮಾತು ಕೇಳಿ ಹೊರಟಿದ್ದೇನಲ್ಲ ಅಂತ.

ಗೇಟಿನಲ್ಲಿ ಬಿಡಲಿಲ್ಲ. ಮೇಜಿನವನು ಬಂದು ಫಾರಂ ತೋರಿಸಿದ. "ಒಂದು ತಿಂಗಳು ಮನೆಯವರು ಬರಂಗಿಲ್ಲ ಅಂತ ನೀವೇ ಸೈನ್ ಹಾಕಿದೀರಲ್ಲ ಸಾರ್. ಬೇಕಾದ್ರೆ ಕಟ್ಟಿಹಾಕಬಹುದು ಅಂತಾನೂ ಇದೆ ನೋಡಿ. ಓದಿರೋರು ನೀವೇ ಹಿಂಗಂದ್ರೆ ಹೆಂಗೆ?"

ನನಗೆ ಆಗ ಬಂದ ಸಿಟ್ಟಿನಲ್ಲಿ ಅವನ ಮೇಲಿನದೆಷ್ಟು, ನನ್ನ ಮೇಲಿನದೆಷ್ಟು, ಇವತ್ತಿಗೂ ಬೇರ್ಪಡಿಸಲು ಆಗಿಲ್ಲ. ಪೊಲೀಸರಿಗೆ ಫೋನ್ ಹಚ್ಚುತ್ತೇನೆಂದು ಕಿರುಚುತ್ತ ಅವನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದೆ. ಹಿಂದಿನ ಶೀಟಿನ ಕೋಣೆಯಲ್ಲಿ ಅಣ್ಣನಿದ್ದ. ಎರಡೂ ಕೈಗಳನ್ನು ಹರಿದ ಬೆಡ್‌ಶೀಟಿನಿಂದ ಮಂಚಕ್ಕೆ ಕಟ್ಟಿದ್ದರು. ಬೆರಳು ಊದಿ ನೀಲಿಗಟ್ಟಿದ್ದವು. ನಾಲಿಗೆ ಕಚ್ಚಿಕೊಂಡು ಬಾಯಿತುಂಬ ರಕ್ತ, ಇಡೀ ಮೈ ಅದುರುತ್ತಿತ್ತು. ಪಕ್ಕದ ಚಾಪೆಯವನು ತಲೆ ಎತ್ತದೆ ಹೇಳಿದ: "ನಿನ್ನೆಯಿಂದ ಹಿಂಗೇ ಅಣ್ಣ. ಹೇಳಿದ್ರೆ ನಮಗೂ ಬೀಳುತ್ತೆ." ಡಾಕ್ಟರ್ ಎನ್ನುವವರು ಆ ಕಟ್ಟಡದಲ್ಲಿ ಗೋಡೆಯ ಬೋರ್ಡಿನ ಮೇಲೆ ಮಾತ್ರ ಇದ್ದರು.

ಪೊಲೀಸರ ಹೆಸರು ಕೇಳಿ ಯಾರೂ ಅಡ್ಡ ಬರಲಿಲ್ಲ; ಕಟ್ಟು ಬಿಚ್ಚಿ, ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದೆ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಡ್ರಿಪ್ ಹಾಕಿಸುತ್ತಲೇ ನನ್ನನ್ನು ಉಗಿದರು. "ದಿನಾ ಕುಡಿಯೋರಿಗೆ ಒಂದೇ ಸಲ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ, ಜೀವ ಹೋಗುತ್ತೆ. ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸ್ಬೇಕು. ಇಲ್ಲೇ ಮಾಡ್ತೀವಲ್ರೀ, ಯಾಕೆ ಕರ್ಕೊಂಡ್ ಬರ್ಲಿಲ್ಲ?" ನನಗೆ ಗೊತ್ತಿರಲಿಲ್ಲ. ಆ ಕೇಂದ್ರದ ಜಾಹೀರಾತು ಪೀಣ್ಯದ ಪ್ರತಿ ಕಂಬದ ಮೇಲಿತ್ತು. ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆಂಬ ಒಂದು ಸಾಲನ್ನು ಒಂದು ಬಾರಿನ ಮುಂದೆಯೂ ಯಾರೂ ಅಂಟಿಸಿರಲಿಲ್ಲ. ಒಬ್ಬ ದುಡಿಯುವ ಮನುಷ್ಯನನ್ನು ಉಳಿಸಲು ಈ ರಾಜ್ಯದಲ್ಲಿ ದೆವ್ವವೇ ಬಂದು ಪೈಪ್ ಬಡಿಯಬೇಕಾ?

ನಾಲ್ಕನೇ ದಿನ ಅಣ್ಣನಿಗೆ ನೆಟ್ಟಗೆ ಮಾತು ಬಂತು. ಮೆಲ್ಲಗೆ ಕೇಳಿದೆ, ಅಲ್ಲಿ ಏನಾದರೂ ಬಡಿದೆಯಾ ಅಂತ.

"ಕೈ ಕಟ್ಟಿದ್ರಲ್ಲೋ, ನಾ ಹ್ಯಾಂಗ ಬಡೀಲಿ?" ಎಂದು ನನ್ನನ್ನೇ ದಿಟ್ಟಿಸಿದ. "ನೀನ ಬಡದಿ. ಕಿವೀಲೆ ಕೇಳೀನಿ ನಾನು. ತಮ್ಮಗ ಗೊತ್ತಾಗೇದ, ಇನ್ನ ತುಳಿಯಂಗಿಲ್ಲ ಅಂತ ಸುಮ್ಮನ ಮಲಗಿದ್ದೆ."

ಕುಡಿತ ನಿಂತಾಗ ಇಲ್ಲದ ಸದ್ದು ಕೇಳುವುದುಂಟು ಎಂದರು ಡಾಕ್ಟರಮ್ಮ. ಸರಿ, ಅಣ್ಣನದು ಹಾಗಾಯಿತು. ನಾನು ಯಾವ ಕುಡಿತ ಬಿಟ್ಟಿದ್ದೆ? ಆಂಟಿ ಯಾವುದು ಬಿಟ್ಟಿದ್ದರು? ಅವರನ್ನು ಕೇಳಿದರೆ "ಆ ಮಾತು ಬ್ಯಾಡ" ಎಂದು ಎದ್ದು ಹೋಗುತ್ತಾರೆ. ಅದೇ ವಾರ ಕಬ್ಬಿಣದ ಪೈಪು ತೆಗೆಸಿ ಪ್ಲಾಸ್ಟಿಕ್ಕಿನದು ಹಾಕಿಸಿದರು.

ಅಣ್ಣ ಈಗ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುತ್ತಾನೆ. ನಡುವೆ ಒಮ್ಮೆ ಜಾರಿದ, ಬೈಯದೆ ಮತ್ತೆ ಕರೆದೊಯ್ದೆ. ಜಾಲಹಳ್ಳಿ ಕಡೆ ಒಂದು ಗೋಡೌನಿನಲ್ಲಿ ಕೆಲಸ, ಪ್ರೆಸ್ ಹತ್ತಿರ ಹೋಗುವುದಿಲ್ಲ. ಆ ಕೇಂದ್ರದ ಮೇಲೆ ದೂರು ಕೊಟ್ಟೆ. ಅವರು ನನ್ನ ಸೈನ್ ತೋರಿಸಿದರು. ಕೇಂದ್ರ ಈಗ ಬೇರೆ ಹೆಸರು ಬರೆಸಿಕೊಂಡು ಅದೇ ಕಟ್ಟಡದಲ್ಲಿ ನಡೆಯುತ್ತಿದೆ. ಫಾರಮ್ಮಿನ ಒಂದು ಪ್ರತಿ ನನ್ನ ಹತ್ತಿರವೂ ಇದೆ, ಡಿಗ್ರಿ ಸರ್ಟಿಫಿಕೇಟ್ ಇಟ್ಟ ಫೈಲಿನಲ್ಲೇ. ಈಗ ಮೂರೂ ಪುಟ ಬಾಯಿಪಾಠವಾಗಿದೆ.

ಅವತ್ತು ಬಡಿದವರು ಯಾರೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಪೆಡಲ್ ಮೇಲೆ ಕಾಲಿಟ್ಟಿದ್ದು ಯಾರೆಂದು ಮಾತ್ರ ಗೊತ್ತು.