ಜಗಲಿಯ ಮೇಲಿನ ದೇವರ ಪೆಟ್ಟಿಗೆ

ಮುನಿತಾಯಮ್ಮ ದಾಕ್ಷಿಣ್ಯವಿಲ್ಲದ ಹೆಂಗಸು. ಎದುರಿಗೆ ನಿಂತವರ ಮುಖ ಹೇಗಾಗಿದೆ ಎಂದು ನೋಡುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ. ಇದನ್ನು ಊರಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು. ಆದರೆ ಹೇಳುವ ಹಕ್ಕು ನಿಜವಾಗಿ ಇದ್ದದ್ದು ಅವಳ ಓರಗಿತ್ತಿ ಶಾಮಲಾಗೆ. ಅಣ್ಣ ಬೈಲಪ್ಪನನ್ನು ಮುನಿತಾಯಮ್ಮ ಮದುವೆಯಾಗಿ ಮೂವತ್ತೈದು ವರ್ಷ; ತಮ್ಮ ನಂದೀಶನನ್ನು ಶಾಮಲಾ ಮದುವೆಯಾಗಿ ಇಪ್ಪತ್ತಾರು. ಬೂದಿಗೆರೆಯಿಂದ ಒಳಕ್ಕೆ ಮೂರು ಮೈಲಿ ಹೋದರೆ ಸಿಗುವ ಊರು. ಒಂದೇ ಅಂಗಳಕ್ಕೆ ಎದುರುಬದುರಾಗಿ ಎರಡು ಮನೆ. ಒಲೆ ಬೇರೆಯಾಗಿ ಹದಿನೈದು ವರ್ಷವಾಗಿತ್ತು. ದೇವರು ಮಾತ್ರ ಬೇರೆಯಾಗಿರಲಿಲ್ಲ.

ಆ ದೇವರು ಇದ್ದದ್ದು ಒಂದು ಹಲಸಿನ ಮರದ ಪೆಟ್ಟಿಗೆಯಲ್ಲಿ. ಗಂಗಮ್ಮನ ಹಿತ್ತಾಳೆ ಮುಖ, ಮುನೇಶ್ವರನ ಮುಖ, ಅತ್ತೆಯ ಅತ್ತೆ ಘಾಟಿ ಸುಬ್ರಹ್ಮಣ್ಯದಿಂದ ತಂದಿಟ್ಟಿದ್ದ ಬೆರಳುದ್ದದ ಬೆಳ್ಳಿ ನಾಗರ, ನಾಲಿಗೆ ಸವೆದ ಒಂದು ಗಂಟೆ. ಹಬ್ಬಕ್ಕೆ, ಮದುವೆಗೆ, ಹೆರಿಗೆಯ ನಂತರದ ಶಾಸ್ತ್ರಕ್ಕೆ ಪೆಟ್ಟಿಗೆ ತೆರೆಯಬೇಕು. ತೆರೆಯುವವಳು ಮನೆಯ ಹಿರಿಸೊಸೆ. ಬೇರೆಯವರು ಮುಟ್ಟುವಂತಿಲ್ಲ.

ಈ ಮಾತನ್ನು ಮುನಿತಾಯಮ್ಮ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಶಾಮಲಾ ಮದುವೆಯಾಗಿ ಬಂದ ಮೊದಲ ಹಬ್ಬದಲ್ಲಿ ಹೂವಿನ ತಟ್ಟೆ ಹಿಡಿದು ದೇವರ ಕೋಣೆಗೆ ಕಾಲಿಡಹೋದಾಗ, ನೆಂಟರೆಲ್ಲ ನೋಡುತ್ತಿದ್ದಂತೆಯೇ, "ಏಯ್, ಹೊಸ್ತಿಲಾಚೆ ನಿಂತ್ಕೊ. ಕೇಳ್ದಾಗ ಕೊಡು, ಸಾಕು" ಎಂದಿದ್ದಳು. ಅಂದಿನಿಂದ ಇಪ್ಪತ್ತನಾಲ್ಕು ವರ್ಷ ಶಾಮಲಾ ಒದ್ದೆ ತಲೆಯಲ್ಲಿ ಹೊಸ್ತಿಲ ಹೊರಗೆ ನಿಂತು, ಹೂವು ಕೇಳಿದಾಗ ಹೂವು, ಕರ್ಪೂರ ಕೇಳಿದಾಗ ಕರ್ಪೂರ ಕೊಟ್ಟಳು. ಪೆಟ್ಟಿಗೆಯ ಒಳಗೆ ಏನೇನಿದೆ ಎಂದು ಅವಳಿಗೆ ಗೊತ್ತಿದ್ದದ್ದು ಮುನಿತಾಯಮ್ಮನ ಹೆಗಲಾಚೆಯಿಂದ ಕಂಡಷ್ಟೇ.

ಎರಡು ವರ್ಷದ ಹಿಂದೆ ಮುನಿತಾಯಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ ಹದಿನಾರು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಪಕ್ಕದ ಹಾಸಿಗೆಯ ಹೆಂಗಸು ದಿನಾ ಸಂಜೆ ಯೇಸುವಿನ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. "ಮೆಲ್ಲಗೆ ಓದಮ್ಮ, ತಲೆನೋವು ಬರ್ತದೆ" ಎಂದು ಗದರಿದ್ದ ಮುನಿತಾಯಮ್ಮ ಹತ್ತನೆಯ ದಿನ, "ನೆನ್ನೆ ಓದಿದ್ದನ್ನೇ ಇನ್ನೊಂದ್ಸಲ ಓದು" ಎಂದಳು. ನೆನ್ನೆಯದು, ಹನ್ನೆರಡು ವರ್ಷ ರಕ್ತ ಹೋಗುತ್ತಿದ್ದ ಹೆಂಗಸೊಬ್ಬಳು ಜನರ ನಡುವೆ ನುಗ್ಗಿ ಬಂದು ಆತನ ಬಟ್ಟೆಯ ಅಂಚು ಮುಟ್ಟಿದ ಕಥೆ.

ಊರಿಗೆ ಬಂದ ಮೇಲೆ ಅವಳು ಬೂದಿಗೆರೆಯ ಪ್ರಾರ್ಥನಾ ಮಂದಿರಕ್ಕೆ ಭಾನುವಾರ ಭಾನುವಾರ ಹೋಗತೊಡಗಿದಳು. ಸೊಂಟ ವಾಸಿಯಾದದ್ದಕ್ಕೆ ಮತ ಬದಲಾಯಿಸಿದಳೆಂದು ಜನ ಅಂದುಕೊಂಡರು. ಅವಳೇ ಅದನ್ನು ತಳ್ಳಿಹಾಕಿದಳು. "ಸೊಂಟ ವಾಸಿ ಮಾಡಿದ್ದು ಡಾಕ್ಟ್ರು. ಅದ್ಕೂ ಇದ್ಕೂ ಯಾಕೆ ಗಂಟು ಹಾಕ್ತೀರಿ?" ಶಾಮಲಾ ಒಮ್ಮೆ ಧೈರ್ಯ ಮಾಡಿ ಕೇಳಿದಾಗ ಮಾತ್ರ ಸ್ವಲ್ಪ ಹೇಳಿದಳು. "ಅಂಥ ಹೆಂಗ್ಸು ನನ್ನ ಮುಟ್ಟಿದ್ರೆ ನಾನು ತಲೆ ಮೇಲೆ ನೀರು ಹುಯ್ಕೊತಿದ್ದೆ ಕಣೇ. ಆತ ಅವಳನ್ನ ಮಗಳೇ ಅಂದ. ಇಷ್ಟು ವರ್ಷ ನಾನು ಏನು ಮಡಿ ಕಾದೆ ಅಂತ ಅಲ್ಲೇ ಮಲ್ಕೊಂಡು ಯೋಚನೆ ಮಾಡ್ದೆ."

ಹೊಸ್ತಿಲ ಹೊರಗೆ ಯಾರನ್ನು ನಿಲ್ಲಿಸಿದ್ದಳೆಂಬುದು ಆ ಯೋಚನೆಯಲ್ಲಿ ಬಂದಿತ್ತೋ ಇಲ್ಲವೋ, ಅವಳು ಹೇಳಲಿಲ್ಲ. ಶಾಮಲಾ ಕೇಳಲೂ ಇಲ್ಲ.

ನಂಬಿಕೆ ಬದಲಾಯಿತು, ಸ್ವಭಾವ ಬದಲಾಗಲಿಲ್ಲ. ಇದ್ದದ್ದನ್ನೆಲ್ಲ ಬಿಡಬೇಕೆಂದು ತೀರ್ಮಾನಿಸಿದ ಮೇಲೆ ಅವಳು ಒಂದು ಭಾನುವಾರ ಮಧ್ಯಾಹ್ನ ರೇಷ್ಮೆ ಸೀರೆ, ಹಿತ್ತಾಳೆ ತಪ್ಪಲೆ, ಬೆಳ್ಳಿ ಕುಂಕುಮದ ಭರಣಿ, ಎಲ್ಲವನ್ನೂ ಜಗಲಿಯ ಮೇಲೆ ಹರವಿ, "ಯಾರ್ಗೆ ಬೇಕೋ ತಗೊಂಡೋಗಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಓಲೆ, ಸರ ಬಿಚ್ಚಿ ಬೈಲಪ್ಪನ ಕೈಗಿಟ್ಟು, "ನೀವು ಮಾಡಿಸಿದ್ದು, ನೀವೇ ಇಟ್ಕೊಳ್ಳಿ" ಎಂದಳು. ಬೈಲಪ್ಪ ಮಾತಿನವನಲ್ಲ. ಒಡವೆಯನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ದ್ರಾಕ್ಷಿ ತೋಟಕ್ಕೆ ಹೊರಟುಹೋದ. ಜಗಲಿಯ ಮುಂದೆ ನೂಕುನುಗ್ಗಲಾಯಿತು. ಎರಡು ಮನೆಗೂ ಸೇರಿದ ದೊಡ್ಡ ತಾಮ್ರದ ಹಂಡೆಯನ್ನೂ ಯಾರೋ ಉರುಳಿಸಿಕೊಂಡು ಹೋದರು. ಅದನ್ನು ಮರಳಿ ಕೇಳಲು ಮನೆಮನೆ ಅಲೆದವಳು ಶಾಮಲಾ. "ನಿಮ್ಮಕ್ಕ ಧರ್ಮ ಮಾಡ್ತಾಳೆ, ನೀನು ವಾಪಸ್ ಕೇಳ್ಕೊಂಡು ಬತ್ತೀಯಲ್ಲೇ" ಎಂದು ಜನರ ಕೈಲಿ ಅನ್ನಿಸಿಕೊಂಡು ಬಂದಳು.

ಕೊನೆಗೆ ಉಳಿದದ್ದು ಪೆಟ್ಟಿಗೆ. ಮಾಘದಲ್ಲಿ ಶಾಮಲಾಳ ಮಗಳು ಸಿಂಚನಳ ಮದುವೆ ಗೊತ್ತಾಗಿತ್ತು, ತೂಬಗೆರೆಯ ಕಡೆ. ಅದೇ ದಿನಗಳಲ್ಲಿ, ನೀರಿನಲ್ಲಿ ಮುಳುಗಿ ಯೇಸುವಿನ ಸಭೆಗೆ ಸೇರುವ ಮುನಿತಾಯಮ್ಮನ ದೀಕ್ಷಾಸ್ನಾನವೂ ನಿಶ್ಚಯವಾಯಿತು. ಒಂದು ಬೆಳಿಗ್ಗೆ ಅವಳು ಪೆಟ್ಟಿಗೆಯನ್ನು ಎತ್ತಿ ಅಂಗಳ ದಾಟಿ ತಂದು ಶಾಮಲಾಳ ಜಗಲಿಯ ಮೇಲೆ ಇಟ್ಟಳು. "ತಗೋ, ಇನ್ನು ನಿಂದು" ಎಂದು ತಿರುಗಿ ನಡೆದಳು. ಹಿಂದಕ್ಕೆ ನೋಡಲಿಲ್ಲ.

ಶಾಮಲಾ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಪೆಟ್ಟಿಗೆ ಹಾಗೆ ಬರುವಂಥದಲ್ಲ. ಹಿರಿಸೊಸೆ ಕಿರಿಸೊಸೆಯ ಮಡಿಲು ತುಂಬಬೇಕು: ಅಕ್ಕಿ, ಕೊಬ್ಬರಿ, ಅಚ್ಚುಬೆಲ್ಲ, ಎಲೆ ಅಡಿಕೆ, ಕುಬಸದ ಕಣ. ಆಮೇಲೆ ಪೆಟ್ಟಿಗೆಯನ್ನು ಎತ್ತಿ ಕೈಗೆ ಕೈ ತಾಗುವಂತೆ ಕೊಡಬೇಕು. ಅತ್ತೆ ಮುನಿತಾಯಮ್ಮನಿಗೆ ಕೊಟ್ಟದ್ದು ಹಾಗೆ. ಅದಿಲ್ಲದೆ ಸುಮ್ಮನೆ ಇಟ್ಟುಹೋದರೆ ಮನೆಯವರು ಹೊರಗೆ ಹಾಕಿದ ದೇವರು ಎಂದು ಅರ್ಥ. ಅಂಥದನ್ನು ಯಾರೂ ಒಳಗೆ ಎತ್ತಿಕೊಳ್ಳುವುದಿಲ್ಲ.

ಕುಲದ ಹಿರಿಯ ಹನುಮಂತರಾಯಪ್ಪನನ್ನು ನಂದೀಶ ಕರೆತಂದ. ಮುದುಕ ಕೋಲೂರಿ ಪೆಟ್ಟಿಗೆಯನ್ನು ದೂರದಿಂದಲೇ ನೋಡಿದ. "ಮುಟ್ಬೇಡ ಕಣಮ್ಮ. ಅವಳ ಕೈಯಿಂದ ನಿನ್ನ ಕೈಗೆ ಬರ್ಬೇಕು."

"ಅವ್ರು ಬರಲ್ಲ ತಾತ, ನಿಮ್ಗೆ ಗೊತ್ತಲ್ಲ."

"ಬರದಿದ್ರೆ ಅಲ್ಲೇ ಇರ್ಲಿ."

ಅಲ್ಲೇ ಇತ್ತು. ಹನ್ನೊಂದು ದಿನ. ನಂದೀಶ ಮೇಲೊಂದು ಟಾರ್ಪಾಲು ಹೊದಿಸಿದ. ಕೋಳಿಗಳು ಅದರ ಮೇಲೆ ಹತ್ತಿ ಕುಳಿತವು. ಮದುವೆಗೆ ಮೊದಲಿನ ಶುಕ್ರವಾರ ಪೆಟ್ಟಿಗೆಯ ಮುಂದೆ ಅರಿಶಿನ ಕುಟ್ಟುವ ಶಾಸ್ತ್ರ. ಗಂಡಿನ ತಾಯಿ ಫೋನಿನಲ್ಲಿ ಬಹಳ ಮೆತ್ತಗೆ ಹೇಳಿದರು: "ತಪ್ಪು ತಿಳ್ಕೋಬೇಡಿ ಬೀಗ್ರೇ, ನಿಮ್ಮನೆ ದೇವ್ರು ಬೀದೀಲಿ ಕೂತೈತೆ ಅಂತಾರಲ್ಲ. ನಾವು ಬಂದು ಎಲ್ಲಿ ಒನಕೆ ಹಿಡಿಯೋದು?" ಸಿಂಚನ, "ಬಿಡಮ್ಮ, ರಿಜಿಸ್ಟರ್ ಆಫೀಸಲ್ಲಿ ಆಗ್ತೀವಿ" ಎಂದಳು, ಆಮೇಲೆ ಒಳಗೆ ಹೋಗಿ ಮಲಗಿದಳು, ಊಟಕ್ಕೆ ಏಳಲಿಲ್ಲ.

ಬುಧವಾರ ಶಾಮಲಾ ಅಂಗಳ ದಾಟಿದಳು.

ಮುನಿತಾಯಮ್ಮ ಹಿತ್ತಲಲ್ಲಿ ಕುಳಿತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ಹೆಬ್ಬೆರಳು ಒತ್ತಿದರೆ ಬೇಳೆ ಪಕ್ಕನೆ ಪಾತ್ರೆಗೆ ಹಾರುತ್ತಿತ್ತು. ಪಕ್ಕದ ಕಟ್ಟೆಯ ಮೇಲೆ ಬೂದಿಗೆರೆಯ ಸಭೆಯ ಪಾಸ್ಟರ್ ಸಂಜೀವಪ್ಪ ಕಾಫಿ ಲೋಟ ಹಿಡಿದು ಕುಳಿತಿದ್ದರು. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುತ್ತಿದ್ದು, ಅದನ್ನೆಲ್ಲ ಬಿಟ್ಟು ಬಂದ ಮನುಷ್ಯ, ಮೆತ್ತಗಿನ ಮಾತು. ಶಾಮಲಾ ಅವರ ಕಡೆ ನೋಡದೆ ನೆಲದ ಮೇಲೆ ಕುಳಿತಳು. ಸುಮ್ಮನೆ ಕೂರಲಾಗದೆ ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು.

"ಅಕ್ಕ, ನಾಡಿದ್ದು ಅರಿಶಿನ ಕುಟ್ಟಬೇಕು."

"ಕುಟ್ಟು. ಪೆಟ್ಟಿಗೆ ಕೊಟ್ಟೆನಲ್ಲ."

"ಎಲ್ಲಿ ಕೊಟ್ರಿ? ಇಟ್ಟು ಹೋದ್ರಿ."

"ಎರಡೂ ಒಂದೇ."

"ಒಂದೇ ಅಲ್ಲ ಅಂತ ನಿಮಗೇ ಗೊತ್ತು. ನನಗೆ ಹೇಳ್ಕೊಟ್ಟೋರು ನೀವೇ."

ಸಂಜೀವಪ್ಪ ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಅವರ ಕಷ್ಟ ನನಗೆ ಅರ್ಥವಾಗ್ತದೆ. ಆದ್ರೆ ಭಾನುವಾರ ನೀರಿಗೆ ಇಳಿಯೋರು ಶುಕ್ರವಾರ ಮಡಿಲು ತುಂಬೋ ಶಾಸ್ತ್ರ ಮಾಡಿದ್ರೆ ಹೆಂಗೆ? ಬಿಟ್ಟಿದ್ದನ್ನ ಮತ್ತೆ ಕೈಗೆ ತಗೊಂಡಂಗೆ ಆಗ್ತದೆ. ಪೆಟ್ಟಿಗೇನ ಅವತ್ತೇ ಕೆರೆಗೆ ಬಿಡಿ ಅಂದೆ, ನೀವು ಕೇಳ್ಲಿಲ್ಲ."

"ಕೆರೆಗೆ ಬಿಡೋಕೆ ಅದೇನು ನಂದಾ?" ಎಂದಳು ಮುನಿತಾಯಮ್ಮ. "ನಾನು ಕಾವಲು ಕಾದಿದ್ದೆ, ಅಷ್ಟೆ."

ಶಾಮಲಾ ಅವಳ ಮುಖ ನೋಡಿದಳು. ಮುನಿತಾಯಮ್ಮ ಕಾಳನ್ನೇ ನೋಡುತ್ತಿದ್ದಳು. ಶಾಮಲಾ ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು.

"ಅಕ್ಕ, ನಿಮ್ಮ ಸಭೆ ಕಥೆ ಒಂದು ಹೇಳಿದ್ರಲ್ಲ, ಮೀನು ಹಿಡಿಯೋರದು. ಯೇಸು ಕರೆದ, ಅವರು ಬಲೆ ಬಿಟ್ಟು ಎದ್ದೋದ್ರು ಅಂತ."

"ಹೂಂ."

"ಬಲೆ ಏನ್ಮಾಡಿದ್ರು? ನೀರಿಗೆ ಎಸೆದ್ರಾ?"

"ಅದ್ಯಾಕೆ ನಿಂಗೆ?"

"ಸುಮ್ನೆ ಕೇಳ್ದೆ. ಮನೇಲಿ ಮಿಕ್ಕೋರು ಉಣ್ಣಬೇಕಲ್ಲ."

ಮುನಿತಾಯಮ್ಮ ಸಂಜೀವಪ್ಪನ ಕಡೆ ತಿರುಗಿದಳು. ಅವರು ಲೋಟ ಕೆಳಗಿಟ್ಟು ಯೋಚಿಸಿದರು, ಸುಳ್ಳು ಹೇಳುವವರಲ್ಲ. "ಅವರಪ್ಪ ದೋಣೀಲೇ ಇದ್ದ, ಕೂಲಿಯವರ ಜೊತೆ. ಅವನನ್ನ ಅಲ್ಲೇ ಬಿಟ್ಟು ಹೋದ್ರು ಅಂತ ಐತೆ. ಬಲೆ... ಅವನ ಹತ್ರಾನೇ ಉಳಿದಿರ್ಬೇಕು."

"ಉಳಿದಿರ್ಬೇಕು," ಎಂದಳು ಶಾಮಲಾ. "ಹರಿದಿದ್ರೆ ಹೊಲ್ಕೊಟ್ಟು ಹೋದ್ರೋ, ಹಂಗೇ ಹೋದ್ರೋ."

"ನೀನೇನೇ, ನನಗೆ ಪಾಠ ಮಾಡೋಕೆ ಬಂದ್ಯಾ?" ಮುನಿತಾಯಮ್ಮನ ದನಿ ಹಳೆಯ ಹಬ್ಬದ ದಿನದ ದನಿಯೇ. "ಕಾಳು ನೆಟ್ಟಗೆ ಹಿತುಕು, ಅರ್ಧ ಸಿಪ್ಪೇಲೇ ಉಳೀತಾವೆ. ಹೋಗು, ಮದುವೆ ಮನೇಲಿ ಕೆಲಸ ಇಲ್ವಾ?"

ಶಾಮಲಾ ಎದ್ದು ಬಂದಳು. ಕೇಳಬಾರದಿತ್ತು ಎನ್ನಿಸಿತು. ಮುನಿತಾಯಮ್ಮನಿಂದ ಏನನ್ನಾದರೂ ನಿರೀಕ್ಷಿಸುವುದು ತನ್ನದೇ ತಪ್ಪು ಎಂದುಕೊಂಡಳು. ಗುರುವಾರ ಇಡೀ ದಿನ ಅವಳು ಬೀಗರಿಗೆ ಫೋನ್ ಮಾಡಿ ಶಾಸ್ತ್ರ ಬೇಡ ಎಂದು ಹೇಳುವುದು ಹೇಗೆಂದು ಮನಸ್ಸಿನಲ್ಲೇ ಮಾತು ಜೋಡಿಸಿದಳು. ಮಾಡಲಿಲ್ಲ.

ಶುಕ್ರವಾರ ಬೆಳಕು ಹರಿಯುವಾಗ ಅವಳು ಅಂಗಳಕ್ಕೆ ನೀರು ಹಾಕುತ್ತಿದ್ದಳು. ಮುನಿತಾಯಮ್ಮ ಮೊರ ಹಿಡಿದು ಬರುವುದು ಕಂಡಿತು. ಸೊಂಟದ ಕಾರಣ ಹೆಜ್ಜೆ ಒಂದು ಕಡೆಗೆ ವಾಲುತ್ತಿತ್ತು. ಮೊರದಲ್ಲಿ ಅಕ್ಕಿ, ಎರಡು ಗಿಟುಕು ಕೊಬ್ಬರಿ, ಅಚ್ಚುಬೆಲ್ಲ, ಎಲೆ ಅಡಿಕೆ, ಹಸಿರು ಕುಬಸದ ಕಣ. ಕುಂಕುಮವಿಲ್ಲ, ಹೂವಿಲ್ಲ, ಕರ್ಪೂರವಿಲ್ಲ.

"ಸೆರಗು ಹಿಡಿ."

ಶಾಮಲಾ ಬಿಂದಿಗೆ ಕೆಳಗಿಟ್ಟಳು. ಒದ್ದೆ ಕೈಯನ್ನು ಸೀರೆಗೆ ಒರೆಸಿ ಸೆರಗು ಹಿಡಿದಳು.

"ನೋಡು, ಇದು ದೇವ್ರಿಗಲ್ಲ. ನಿಂಗೆ. ಒಪ್ಪಿಗೆ ಇದ್ರೆ ಹಿಡ್ಕೊ."

"ನಿಮ್ಮ ಪಾಸ್ಟ್ರು?"

"ರಾತ್ರೀನೇ ಫೋನ್ ಮಾಡಿ ಹೇಳ್ದೆ. ಯೋಚನೆ ಮಾಡ್ತೀನಿ ಅಂದ್ರು. ಈ ಭಾನುವಾರ ಬೇಡ ಅಂದ್ರೆ ಇನ್ನೊಂದು ಭಾನುವಾರ. ನೀರೇನು ಓಡೋಗಲ್ಲ."

ಐದು ಸಲ ಬೊಗಸೆಯಲ್ಲಿ ಅಕ್ಕಿ ಸುರಿದಳು. ಕೊಬ್ಬರಿ ಇಟ್ಟಳು, ಬೆಲ್ಲ ಇಟ್ಟಳು. ಬಾಯಿಯಲ್ಲಿ ಯಾವ ದೇವರ ಹೆಸರೂ ಬರಲಿಲ್ಲ. ಶಾಮಲಾ ಮಡಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುನಿತಾಯಮ್ಮ ಜಗಲಿಯ ಹತ್ತಿರ ಹೋಗಿ ಟಾರ್ಪಾಲು ಸರಿಸಿದಳು. ಅಂಚು ಸರಿದ ಕಡೆ ಮುಚ್ಚಳದ ಮೇಲೆ ಕೋಳಿ ಗಲೀಜು ಒಣಗಿ ಅಂಟಿತ್ತು. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ತನ್ನ ಸೆರಗಿನ ತುದಿಯನ್ನು ಬಿಂದಿಗೆಯಲ್ಲಿ ಅದ್ದಿ ಉಜ್ಜಿ ಒರೆಸಿದಳು, ಮೂಲೆಗಳನ್ನೂ ಬಿಡದೆ.

ಪೆಟ್ಟಿಗೆಯನ್ನು ಎತ್ತಿ ಶಾಮಲಾಳ ತೋಳಿಗೆ ಕೊಟ್ಟಳು. ಕೊಟ್ಟು ಕೈ ತೆಗೆಯಲಿಲ್ಲ. ಶಾಮಲಾಳ ಎಡಗೈಯನ್ನು ಹಿಡಿದು ಕೆಳಗೆ, ಹಿಂದಿನ ಮೂಲೆಗೆ ಜರುಗಿಸಿದಳು.

"ಇಲ್ಲಿ ಹಿಡ್ಕೊ. ಅಡಿ ಹಲಗೆ ಸಡಿಲ ಐತೆ. ನಾಗರ ಸಣ್ಣದು, ಸಂದೀಲಿ ಜಾರ್ತದೆ. ಯಾರ್ಗಾದ್ರೂ ಹೇಳಿ ಎರಡು ಮೊಳೆ ಹೊಡಿಸು."

ಶಾಮಲಾ ಪೆಟ್ಟಿಗೆ ಹೊತ್ತು ಒಳಗೆ ನಡೆದಳು. ನಡುಮನೆ ದಾಟಿ ದೇವರ ಕೋಣೆಗೆ ಕಾಲಿಟ್ಟಾಗ ಹಿಂದೆ ಹೆಜ್ಜೆ ಸದ್ದು ಕೇಳಿ ತಿರುಗಿ ನೋಡಿದಳು. ಮುನಿತಾಯಮ್ಮ ಬಂದಿದ್ದಳು. ಆ ಕೋಣೆಯ ಹೊಸ್ತಿಲ ಹೊರಗೆ, ಖಾಲಿ ಮೊರವನ್ನು ಎರಡು ಕೈಯಲ್ಲಿ ತಟ್ಟೆಯಂತೆ ಹಿಡಿದು ನಿಂತಿದ್ದಳು. "ಒಳಗೆ ಬನ್ನಿ ಅಕ್ಕ" ಎಂದಳು ಶಾಮಲಾ.

"ಬೇಡ. ನೀನು ಇಡು," ಎಂದಳು ಮುನಿತಾಯಮ್ಮ. ಪೆಟ್ಟಿಗೆ ನೆಲಕ್ಕೆ ತಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಇಟ್ಟ ಮೇಲೂ ಸ್ವಲ್ಪ ಹೊತ್ತು ನಿಂತಿದ್ದಳು.